ಬೀಸುಕಲ್ಲಿನ ಮನೆಯ ದೊಡ್ಡವ್ವ

ಮಳೆ ಹಿಡಿಯುವ ಮೊದಲು ಈ ಸಲ ನಮ್ಮ ಕೇರಿಯ ಮನೆಮನೆಯಿಂದ ಸವಳು ಮಣ್ಣಿನ ಬುಟ್ಟಿ ಹೊತ್ತು ಒಂದೇ ಮನೆಯ ಮಾಳಿಗೆ ಮೇಲೆ ಸುರುವಿದೆವು. ಮಣ್ಣಿನ ಮಾಳಿಗೆಯಲ್ಲಿ ಬಾಳಿದವರಿಗೆ ಗೊತ್ತು, ವರ್ಷಕ್ಕೊಮ್ಮೆ ಸವಳು ಹಾಕಿ ತುಳಿಯದಿದ್ದರೆ ಮಳೆನೀರು ಒಳಗೆ ಬಂದು ನಮ್ಮ ಜೋಡಿ ಮಲಗುತ್ತದೆ. ನನ್ನ ಮೊಮ್ಮಗಳು ರೇಣುಕಾ ಕೊಪ್ಪಳದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ. ಅಂದು ಕಾಲೇಜು ಬಿಟ್ಟು, ನನ್ನ ಹಳೆ ಸೀರೆಯನ್ನು ಸಿಂಬಿ ಮಾಡಿ ತಲೆಗಿಟ್ಟು, ಬುಟ್ಟಿ ಹೊತ್ತು ಏಣಿ ಹತ್ತಿದಳು. ಕೆಳಗೆ ಏಣಿ ಹಿಡಿದು ನಿಂತ ನನಗೆ ಸಂತೋಷವೋ ಸಂತೋಷ.

ಆ ಮನೆ ನೋಡಲು ಈಗ ಹೊರಗಿನಿಂದಲೂ ಜನ ಬರುತ್ತಾರೆ. ಬಂದವರು ಬಗ್ಗಿ ಒಳಗೆ ಕಾಲಿಟ್ಟು, ಇಷ್ಟೇನಾ ಅನ್ನುವ ಹಾಗೆ ಸುತ್ತ ನೋಡುತ್ತಾರೆ. ಇಷ್ಟೇ. ಎರಡು ಅಂಕಣದಷ್ಟು ಜಾಗ, ಮೂಲೆಯಲ್ಲಿ ಒಲೆ, ನಡುವೆ ನೆಲಕ್ಕೆ ಹೂತ ಒಂದು ಬೀಸುಕಲ್ಲು. ಅಲ್ಲಿದ್ದವಳು ಎಂಥವಳು ಅಂತ ಗೋಡೆ ನೋಡಿದರೆ ತಿಳಿಯುವುದಿಲ್ಲ, ಕಂಡವರು ನೀವು ಬರೀರಿ ಅಂತ ಕೇರಿಯ ಹುಡುಗರು ನನಗೆ ಹೇಳಿದ್ದಾರೆ. ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ, ಯಾಕೆ ಅಂತ ಮುಂದೆ ತಿಳಿಯುತ್ತದೆ. ಆ ಮನೆಯನ್ನು ಉಳಿಸುತ್ತೇವೆ ಅಂತ ಹೊರಟ ನಾವೇ ಅದನ್ನು ಆಕೆಯ ಮನೆ ಅಲ್ಲದ ಹಾಗೆ ಮಾಡಿಬಿಡುತ್ತಿದ್ದೆವು. ಸ್ವಲ್ಪದರಲ್ಲಿ ತಪ್ಪಿತು. ಅದನ್ನೂ ಹೇಳುತ್ತೇನೆ. ಮೊದಲು ಆಕೆ.

ಇಡೀ ಕೇರಿಗೆ ಆಕೆ ದೊಡ್ಡವ್ವ. ಆಳು ನೋಡಿದರೆ ಸಣ್ಣವಳು, ಗಿಡ್ಡವಳು. ದನಿ ಮಾತ್ರ ಹಳ್ಳದ ಆಚೆಗೂ ಕೇಳುತ್ತಿತ್ತು. ಮಾತಾಡುವಾಗ ಎದುರಿಗೆ ಇದ್ದವರ ಭುಜಕ್ಕೆ ಒಂದು ಬೆರಳಿನಿಂದ ಚುಚ್ಚಿ ಚುಚ್ಚಿ ಹೇಳುತ್ತಿದ್ದಳು. ಹೊತ್ತು ಮುಳುಗುವ ತನಕ ಆಕೆಯ ಹತ್ತಿರ ಕೂತು ಬಂದರೆ ಭುಜ ನೋಯುತ್ತಿತ್ತು. ನನ್ನ ಗಂಡ, "ದೊಡ್ಡವ್ವನ ಮನಿಗೆ ಹೋಗೂ ಮುಂದ ಕಂಬಳಿ ಹೊದ್ಕೊಂಡು ಹೋಗು" ಅಂತ ನನ್ನನ್ನು ಅಣಕಿಸುತ್ತಿದ್ದರು.

ಆಕೆಗೆ ಆಗದೇ ಇದ್ದದ್ದು ಒಂದೇ, ಯಾರಾದರೂ ಬಾಗಿಲ ಹೊರಗೆ ನಿಂತು ಮಾತಾಡುವುದು. ಕೇರಿಯವರೇ ಬಂದು ಹೊಸ್ತಿಲ ಆಚೆ ನಿಂತು "ದೊಡ್ಡವ್ವ ಅದಾಳೇನ" ಅಂದರೆ ಒಳಗಿನಿಂದ, "ಇಲ್ಲ, ಸತ್ತಾಳ, ಒಳಗ ಬಂದು ಹೆಣ ನೋಡು" ಅನ್ನುತ್ತಿದ್ದಳು.

ಒಂದು ಸಲ ಜನಗಣತಿಗೆ ಒಬ್ಬ ಮಾಸ್ತರರು ಬಂದರು. ಒಳ್ಳೆಯ ಮನುಷ್ಯರೇ. ಆದರೆ ಆಗಿನ ಕಾಲದಲ್ಲಿ ನಮ್ಮ ಕೇರಿಗೆ ಬಂದವರು ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಅವರೂ ಹಾದಿಯಲ್ಲಿ ನಿಂತು ಕೂಗಿದರು.

"ಮನ್ಯಾಗ ಎಷ್ಟು ಮಂದಿ ಅದೀರಿ?"

"ಏನ್ರಿ?" ಅಂದಳು ದೊಡ್ಡವ್ವ.

"ಎಷ್ಟು ಮಂದಿ ಅದೀರಿ ಅಂತ ಕೇಳಿದೆ."

"ಕಿವಿ ಮಂದ ಆಗ್ಯಾವ್ರಿ ಮಾಸ್ತರ. ಒಳಗ ಬಂದು ಕೇಳ್ರಿ."

ಮಾಸ್ತರರು ಇನ್ನೂ ಜೋರಾಗಿ ಕೂಗಿದರು. ದೊಡ್ಡವ್ವ ಇನ್ನೂ ಮಂದ ಕಿವಿಯವಳಾದಳು. ಕೊನೆಗೆ ಗಂಟಲು ಸೋತು ಅವರು ಬಗ್ಗಿ ಒಳಗೆ ಬಂದರು. ಆಕೆ ಕಂಬಳಿ ಹಾಸಿದಳು, ನೀರು ಕೊಟ್ಟಳು. ಅವರು ಮೆಲ್ಲಗೆ ಕೇಳಿದ್ದಕ್ಕೆಲ್ಲ ಮೆಲ್ಲಗೇ ಹೇಳಿದಳು. ಹೊರಗೆ ಹೋದ ಮೇಲೆ ಮಾಸ್ತರರು ಜೊತೆಯವನಿಗೆ ಪಿಸುಮಾತಿನಲ್ಲಿ, "ಪಾಪ, ಹೆಣ್ಮಗಳಿಗೆ ಕಿವಿ ಕೇಳಂಗಿಲ್ಲ" ಅಂದರು. ಒಳಗಿನಿಂದ ಬಂತು, "ಈಗ ಕೇಳತೈತ್ರಿ."

ಇಂಥವಳ ಮನೆ ಇತಿಹಾಸ ಆದದ್ದು ಒಂದು ಚಹಾದಿಂದ.

ನಮ್ಮ ಊರು ಇರಕಲ್ಲಗಡದಿಂದ ಆಚೆಗೆ, ಸಣ್ಣ ಊರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಊರಿನ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಬೆಂಚು ಇರಲಿಲ್ಲ. ಹೊರಗಿನ ಗೋಡೆಯ ಗೂಡಿನಲ್ಲಿ ನಮ್ಮ ಬಟ್ಟಲು ಬೇರೆ ಇರುತ್ತಿದ್ದವು. ಅವನ್ನು ನಾವೇ ತೊಳೆದು ಹಿಡಿಯಬೇಕು, ಮೇಲಿಂದ ಚಹಾ ಸುರುವುತ್ತಿದ್ದರು. ದೊಡ್ಡವ್ವನ ಗಂಡ ಮತ್ತು ಕೇರಿಯ ಕೆಲವರು ಗಂಗಾವತಿಯ ಭತ್ತದ ಗಿರಣಿಗಳಿಗೆ ಹಮಾಲಿಗೆ ಹೋಗಿ ಬರುತ್ತಿದ್ದರು. ಅಲ್ಲಿ ಎಲ್ಲರ ನಡುವೆ ಕೂತು ಗ್ಲಾಸಿನಲ್ಲಿ ಚಹಾ ಕುಡಿದು ರೂಢಿಯಾಗಿತ್ತು. ಒಂದು ಸಲ ಊರಿಗೆ ಬಂದವರು ಹೋಟೆಲಿನೊಳಗೆ ಹೋಗಿ ಬೆಂಚಿನ ಮೇಲೆ ಕೂತರು. ಜಗಳ ಆಡಲಿಲ್ಲ, ಏನೂ ಇಲ್ಲ. ಚಹಾ ಕೊಡ್ರಿ ಅಂದರು, ಅಷ್ಟೇ.

ಮರುದಿನದಿಂದ ಊರು ನಮ್ಮ ಕೈಬಿಟ್ಟಿತು. ಹೊಲದ ಕೂಲಿಗೆ ಕರೆಯಲಿಲ್ಲ. ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆ ಕೊಡಲಿಲ್ಲ. ಎಲ್ಲಕ್ಕಿಂತ ಕಠಿಣ ಆದದ್ದು ಹಿಟ್ಟಿನ ಗಿರಣಿ. ಮನೆಯ ಗಡಿಗೆಯಲ್ಲಿ ಅಷ್ಟಿಷ್ಟು ಜೋಳ ಇತ್ತು, ಬೀಸಿ ಕೊಡುವವರಿಲ್ಲ. ದೊಡ್ಡವ್ವ ಬುಟ್ಟಿ ಹೊತ್ತು ಹೋದಾಗ ಗಿರಣಿಯವನು, "ಬೆಲ್ಟ್ ಹರದೈತಿ, ನಾಳಿ ಬಾ" ಅಂದ. ಆತನ ಹಿಂದೆ ಗಿರಣಿ ಟುಕುಟುಕು ಅಂತ ಓಡುತ್ತಿತ್ತು.

"ಬೆಲ್ಟ್ ಹರದ ಮ್ಯಾಲೂ ಓಡೂ ಗಿರಣಿ ನಾ ಎಲ್ಲೂ ಕಂಡಿಲ್ಲಪ್ಪ. ಫೋಟೋ ತಗಸಿ ಇಡು" ಅಂದು ಬುಟ್ಟಿ ಹೊತ್ತು ತಿರುಗಿ ಬಂದಳು.

ಗಿರಣಿ ಬಂದ ಮೇಲೆ ಕೇರಿಯ ಹೆಣ್ಣುಮಕ್ಕಳೆಲ್ಲ ತಮ್ಮ ಬೀಸುಕಲ್ಲು ಕಿತ್ತು, ಬಟ್ಟೆ ಒಗೆಯಲು, ಬಾಗಿಲ ಮುಂದಿನ ಮೆಟ್ಟಿಲಿಗೆ ಹಾಕಿಬಿಟ್ಟಿದ್ದರು. ಕಲ್ಲು ಉಳಿದದ್ದು ದೊಡ್ಡವ್ವನ ಮನೆಯಲ್ಲಿ ಮಾತ್ರ. ಈಗ ಬಂದವರು, ಆಕೆ ಮುಂದಿನದನ್ನು ತಿಳಿದೇ ಉಳಿಸಿದ್ದಳು ಅಂತ ದೊಡ್ಡದು ಮಾಡಿ ಹೇಳುತ್ತಾರೆ. ಹಾಗೇನಿಲ್ಲ. ನಾನೇ ಕೇಳಿದ್ದೆ. "ಕೀಳಸ್ಬೇಕಂತ ಇದ್ದೆ. ನನ್ನ ಗಂಡ ನಾಳಿ ಅಂದ, ನಾಳಿ ಅಂದ. ಆಳಸೇತನಕ್ಕ ಉಳೀತು" ಅಂದಿದ್ದಳು.

ಅವತ್ತಿನಿಂದ ಇಡೀ ಕೇರಿಯ ಜೋಳ ಆ ಒಂದು ಕಲ್ಲಿನಲ್ಲಿ ಬೀಸಿದೆವು. ಇಬ್ಬರು ಎದುರುಬದುರು ಕಾಲು ಚಾಚಿ ಕೂತು, ಒಂದೇ ಗೂಟ ಹಿಡಿದು ತಿರುವಬೇಕು. ಒಬ್ಬಳು ಎಳೆಯುವಾಗ ಇನ್ನೊಬ್ಬಳು ಬಿಡಬೇಕು. ಯಾರ ಎದುರಿಗೆ ಯಾರು ಕೂಡಬೇಕು ಅನ್ನುವುದು ದೊಡ್ಡವ್ವನ ಹುಕುಂ. ಅತ್ತೆ ಸೊಸೆಯನ್ನು ಜೋಡಿ ಕೂಡಿಸುತ್ತಿರಲಿಲ್ಲ, "ಹಿಟ್ಟು ಹುಳಿ ಆಗತೈತಿ" ಅನ್ನುತ್ತಿದ್ದಳು. ನನ್ನನ್ನು ಈರವ್ವನ ಎದುರಿಗೆ ಕೂಡಿಸಿದಳು. ಈರವ್ವ ನನ್ನ ಓರಗೆಯವಳು, ಆಕೆಯದು ನಮ್ಮ ಪಕ್ಕದ ಮನೆ. ನಮ್ಮ ಅತ್ತೆಗೂ ಆಕೆಯ ಅತ್ತೆಗೂ ಬಚ್ಚಲ ನೀರಿನ ಜಗಳ ಆಗಿ, ಎರಡು ಮನೆಗೂ ಮಾತಿರಲಿಲ್ಲ.

"ಈಕಿ ಜೋಡಿ ನಾ ಕೂಡಂಗಿಲ್ಲ" ಅಂದಳು ಈರವ್ವ.

"ಮಾತಾಡು ಅಂದೇನ ನಿನಗ? ಬೀಸು ಅಂದೆ" ಅಂತ ದೊಡ್ಡವ್ವ ಆಕೆಯ ಭುಜಕ್ಕೆ ಚುಚ್ಚಿದಳು. "ಸಿಟ್ಟಿದ್ರ ಛಲೋ ಆತು, ಕಲ್ಲು ಜೋರು ತಿರಗತೈತಿ."

ಬಾಯಿ ಬಿಗಿದು ಬೀಸಿದೆವು. ಕಲ್ಲಿನ ಬಾಯಿಗೆ ಆಗಾಗ ಹಿಡಿ ಕಾಳು ಹಾಕಬೇಕಲ್ಲ, ಯಾರು ಹಾಕಬೇಕು ಅಂತ ಇಬ್ಬರೂ ಸುಮ್ಮನಿದ್ದು ಬರಿಗಲ್ಲು ಗರಗರ ಅಂದಿತು. ತಡೆಯಲಾರದೆ ಈರವ್ವ "ಕಾಳು ಹಾಕಬಾರದೇನ" ಅಂದಳು. ಅದೇ ನಮ್ಮ ಮೊದಲ ಮಾತು. ಅಲ್ಲಿಂದ ಇಲ್ಲಿಯ ತನಕ ನಮ್ಮಿಬ್ಬರ ಮಾತು ಮುಗಿದಿಲ್ಲ. ಇವತ್ತು ಬೆಳಿಗ್ಗೆಯೂ ನನ್ನ ಮೊಣಕಾಲಿಗೆ ಯಾವ ಎಣ್ಣೆ ಹಚ್ಚಬೇಕು ಅಂತ ಬಂದು ಬೈದು ಹೋದಳು.

ಮೊದಲು ಬಿದ್ದ ಹಿಟ್ಟು ಜೋಳ ತೀರಿದ ಮನೆಗೆ ಹೋಗಬೇಕು, ಅದು ದೊಡ್ಡವ್ವನ ಇನ್ನೊಂದು ಹುಕುಂ. ಯಾರ ಜೋಳ, ಯಾರ ಹಿಟ್ಟು ಅಂತ ಕೇಳಲು ಬಿಡುತ್ತಿರಲಿಲ್ಲ. ಬೀಸುವಾಗ ಹೆಂಗಸರು ಹಾಡುತ್ತಿದ್ದರು. ಆಕೆಯ ಗಂಟಲು ಹಾಡಿಗೆ ಬಗ್ಗುತ್ತಿರಲಿಲ್ಲ, ನಾವೇ ಕೈಮುಗಿದು ಬೇಡ ಅಂದಿದ್ದೆವು. ಅದಕ್ಕೆ ಬದಲು ಗಿರಣಿಯವನಿಗೆ ದಿನಾ ಒಂದು ಹೊಸ ಬೈಗುಳ ಕಟ್ಟಿ ಹೇಳುತ್ತಿದ್ದಳು. ಅವನ್ನು ಇಲ್ಲಿ ಬರೆಯಲು ಬರುವುದಿಲ್ಲ, ಮೊಮ್ಮಕ್ಕಳು ಓದುತ್ತಾರೆ. ನಕ್ಕು ನಕ್ಕು ಕಲ್ಲು ನಿಲ್ಲುತ್ತಿತ್ತು. ರಟ್ಟೆ ಬಾತಿದ್ದರೂ ಆ ದಿನಗಳನ್ನು ನೆನೆದರೆ ನನಗೆ ಮೊದಲು ಕೇಳುವುದು ಆ ನಗು.

ಇರಕಲ್ಲಗಡದಿಂದ ಹಾಸಿಗೆ ಹೊಲೆಯುವ ಪಿಂಜಾರ ಸಾಬರು ಒಬ್ಬರು ಸೈಕಲ್ಲಿನ ಮೇಲೆ ಹತ್ತಿಯ ಗಂಟು ಹೇರಿಕೊಂಡು ಬರುತ್ತಿದ್ದರು. ಊರ ಬಾಯಲ್ಲಿ ಊರವರು ಅವರನ್ನು ತಡೆದು, "ಆ ಕೇರಿಗೆ ಗಾದಿ ಯಾಕೋ ಸಾಬ?" ಅಂದರಂತೆ. "ಅವರೂ ಮಲಗ್ತಾರಲ್ರಿ" ಅಂದರಂತೆ ಸಾಬರು. ಗಂಟು ತಂದು ದೊಡ್ಡವ್ವನ ಮನೆಯಲ್ಲಿ ಬಿಚ್ಚಿದರೆ ಹತ್ತಿಯ ನಡುವೆ ಒಣಮೆಣಸಿನಕಾಯಿ, ಬೆಲ್ಲ, ಎಣ್ಣೆಯ ಬಾಟಲಿ.

"ಸಾಬ್ರ, ಈ ಹತ್ತಿ ಯಾಕ ಖಾರದ ವಾಸನಿ ಹೊಡಿತೈತಿ?" ಅಂದಳು ದೊಡ್ಡವ್ವ.

"ಮೆಣಸಿನ ಹೊಲದ ಬಾಜೂಕ ಬೆಳದೈತಿ ಬೇ, ಏನ್ ಮಾಡೂದು?"

ಹೀಗೆ ಒಂದು ಮಳೆಗಾಲ ಕಳೆಯಿತು. ಆಮೇಲೆ ಯಾರು ಯಾರೋ ಓಡಾಡಿ, ಮೇಲಿನವರಿಗೆ ತಿಳಿದು, ಸರಕಾರದ ಸಾಹೇಬರು ಊರಿಗೆ ಬಂದರು. ಕೇರಿಗೂ ಬಂದರು. ಎಲ್ಲರೂ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ದೊಡ್ಡವ್ವ ಹೋಗಿ, "ಒಳಗ ಬರ್ರಿ ಸಾಹೇಬ್ರ, ನಮ್ಮ ಜಗಳ ಹೊರಗ ಕುಂತವರಿಗೆ ತಿಳಿಯಂಗಿಲ್ಲ" ಅಂದಳು. ಅವರು ಬಗ್ಗಿ ಒಳಗೆ ಬಂದರು. ನಾನು, ಈರವ್ವ ಬೀಸುತ್ತಿದ್ದೆವು, ಏಳಲು ಹೋದರೆ ಕಣ್ಣಿನಲ್ಲೇ ಕೂಡ್ರಿ ಅಂದಳು. ಸಾಹೇಬರು ಸ್ವಲ್ಪ ಹೊತ್ತು ನೋಡಿ, "ಈ ಮನಿ ಯಾರದು?" ಅಂದರು.

"ನಂದ ಇತ್ರಿ. ಈಗ ಎಲ್ಲಾರದೂ ಆಗೈತಿ. ನನಗ ಮಲಗಾಕ ಜಾಗ ಇಲ್ಲ, ಲಗೂನ ಗಿರಣಿ ತೆಗಸ್ರಿ" ಅಂದಳು.

ಸಾಹೇಬರ ಹುಕುಮಿನಿಂದ ನಮಗೂ ಗಿರಣಿ ತೆರೆದ ದಿನ ಮೊದಲು ಹೋದವಳು ಆಕೆಯೇ. ನಾವೆಲ್ಲ ಹಿಂದೆ. ಅಲ್ಲಿಯ ತನಕ ಗಿರಣಿಯವನು ನಮ್ಮ ಕೈಯಿಂದ ಬುಟ್ಟಿ ಈಸಿಕೊಂಡವನಲ್ಲ. ನಾವು ನೆಲಕ್ಕೆ ಇಟ್ಟು ಹಿಂದೆ ಸರಿದ ಮೇಲೆ ಎತ್ತುತ್ತಿದ್ದ. ಅವತ್ತು ದೊಡ್ಡವ್ವ ಬುಟ್ಟಿಯನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು ನಿಂತಳು. ಆತ ನೆಲ ತೋರಿಸಿದ. ಆಕೆ ಇಡಲಿಲ್ಲ. ಹಿಂದೆ ಪಾಳಿಯಲ್ಲಿ ಊರವರೂ ಇದ್ದರು, "ಲಗೂ ಮಾಡಪ್ಪ, ಹೊತ್ತಾತು" ಅನ್ನುವುದಕ್ಕೆ ಶುರು ಮಾಡಿದರು. ಆಕೆ ಬುಟ್ಟಿಯನ್ನು ಇನ್ನೂ ಮುಂದಕ್ಕೆ ಚಾಚಿದಳು. ಕೊನೆಗೆ ಆತ ಕೈ ಚಾಚಿ ಈಸಿಕೊಂಡ.

ಮನೆಗೆ ಬಂದು ಬಿಸಿ ಹಿಟ್ಟಿನ ಬುಟ್ಟಿ ಇಳಿಸಿ, ಕಲ್ಲಿನ ಗೂಟ ಕಿತ್ತು ಒಲೆಗೆ ಹಾಕಿದಳು. ಆಮೇಲೆ ಆ ಕಲ್ಲನ್ನು ಆಕೆ ಬೀಸಲು ಮುಟ್ಟಲಿಲ್ಲ. ಅದರ ಮೇಲೆ ಕೋಳಿ ಕಾವಿಗೆ ಕೂಡಿಸುತ್ತಿದ್ದಳು, ಮೆಣಸಿನಕಾಯಿ ಹರವುತ್ತಿದ್ದಳು. ಈರವ್ವ ಒಮ್ಮೆ, ಬ್ಯಾಳಿ ಒಡಕೊಂತೀನಿ ಅಂತ ಕೇಳಿದ್ದಕ್ಕೆ, "ಗಿರಣಿಗೆ ಹೋಗು. ಹೋಗಾಕಂತನ ಅಷ್ಟು ದಿನ ಬೀಸಿದ್ವಿ" ಅಂದು ಕಳಿಸಿದಳು.

ಮನೆಯ ಮೇಲೂ ಆಕೆಗೆ ಅಂಥ ಮೋಹ ಇರಲಿಲ್ಲ. ಮಗ ಕಾರಟಗಿಯ ಗಿರಣಿಯಲ್ಲಿ ಹಮಾಲಿ, ಹಬ್ಬಕ್ಕೆ ಬಂದು ಹೋಗುತ್ತಾನೆ. ಸೊಸೆ ದುರುಗವ್ವ ಆಕೆಯ ಜೊತೆ ಇದ್ದಳು. ಮಳೆ ಬಂದಾಗ ಅತ್ತೆ ಸೊಸೆ ಇಬ್ಬರೂ ಪಾತ್ರೆ ಹಿಡಿದು ಸೋರುವ ಕಡೆ ಓಡಾಡುತ್ತಾ, ಒಬ್ಬರನ್ನೊಬ್ಬರು ಬೈಯುತ್ತಾ ನಗುತ್ತಿದ್ದರು. ಒಮ್ಮೆ ಕಾಲೇಜು ಹುಡುಗರು ಹೋರಾಟದ ಮನೆ ಅಂತ ಕಲ್ಲಿನ ಫೋಟೋ ತೆಗೆಯಲು ಬಂದರು. "ಕಲ್ಲಿನ ಫೋಟೋ ಯಾಕೋ ತಮ್ಮ? ಅದು ಎಲ್ಲಿ ಹೋಗತೈತಿ? ನನ್ನ ಸೊಸಿ ಹಡದಾಳ, ಆ ಕೂಸಿಂದು ತಗೀರಿ, ನಾಳಿಗೆ ಇಷ್ಟ ಸಣ್ಣದು ಇರಂಗಿಲ್ಲ ಅದು" ಅಂದಳು. ಕೂಸಿನ ಫೋಟೋ ತೆಗೆಸಿಯೇ ಕಳಿಸಿದಳು.

ಆಕೆ ಹೋಗಿ ಕೆಲವು ವರ್ಷ ಆದವು. ಹೋದ ಮೇಲೆ ದುರುಗವ್ವನಿಗೆ ಸರಕಾರದ ಮನೆ ಮಂಜೂರಾಯಿತು. ಹಳೆಯದು ಕೆಡವಿ ಅದೇ ಜಾಗದಲ್ಲಿ ಕಟ್ಟುವುದು ಅಂತ ಆಯಿತು. ಆಗ ಕೇರಿಗೆ ಎಚ್ಚರ ಬಂತು. ಹುಡುಗರೆಲ್ಲ ಸೇರಿ, ಕೆಡವಬೇಡ, ಇದು ನಮ್ಮ ಇತಿಹಾಸ ಅಂದರು.

"ಇತಿಹಾಸ ಸೋರತೈತ್ರಿ" ಅಂದಳು ದುರುಗವ್ವ. "ನಿಮ್ಮ ಮನ್ಯಾಗ ಪಾತ್ರಿ ಇಟ್ಟು ಮಲಗ್ತೀರೇನು? ನನ್ನ ಮಕ್ಕಳು ಮಲಗ್ಯಾರ."

ಕಣ್ಣೀರು ಹಾಕಿದವಳು ಈರವ್ವ. "ಆ ಕಲ್ಲು ಇರಲಿಲ್ಲಂದ್ರ ನನ್ನ ಮಗ ಬದಕ್ತಿದ್ದಿಲ್ಲ ಬೇ. ಅದಕ್ಕ ಮಣ್ಣು ಹಾಕಬ್ಯಾಡ" ಅಂದಳು. ಆ ಮಳೆಗಾಲದಲ್ಲಿ ಆಕೆಯ ಚೊಚ್ಚಲು ಆಗಷ್ಟೇ ನಡೆಯಲು ಕಲಿತ ಕೂಸು.

ಕೊನೆಗೆ ಹಿತ್ತಲಿನಲ್ಲಿ ಹೊಸ ಮನೆ ಕಟ್ಟುವುದು, ಹಳೆ ಮನೆಯ ಮಾಳಿಗೆ ಮತ್ತು ಗೋಡೆಯನ್ನು ಇಡೀ ಕೇರಿ ನೋಡಿಕೊಳ್ಳುವುದು ಅಂತ ತೀರ್ಮಾನ ಆಯಿತು. ಹೊಸ ಮನೆಯ ಪಾಯ ತೋಡಲು ಕೇರಿಯ ಗಂಡಸರೆಲ್ಲ ಬಂದರು. ಅಲ್ಲಿಗೆ ಎಲ್ಲ ಛಲೋ ಆಯಿತು ಅಂದುಕೊಂಡೆವು.

ಮನೆಯಲ್ಲಿ ಯಾರೂ ವಾಸ ಇಲ್ಲದ ಮೇಲೆ ಈರವ್ವ ದಿನಾ ಹೋಗಿ ಕಸ ಹೊಡೆದು ಸಾರಿಸಿ ಬರುತ್ತಿದ್ದಳು. ಒಂದು ಅಮಾವಾಸ್ಯೆಗೆ ಕಲ್ಲಿಗೆ ನೀರು ಹಾಕಿ ಅರಿಷಿಣ ಕುಂಕುಮ ಹಚ್ಚಿದಳು. ನಮ್ಮಲ್ಲಿ ಉಪಕಾರ ಮಾಡಿದ ಯಾವುದಕ್ಕೇ ಆಗಲಿ ಕುಂಕುಮ ಹಚ್ಚುತ್ತೇವೆ, ಬಿತ್ತುವ ಕುರಿಗಿಗೆ, ಒನಕೆಗೆ, ಮೊರಕ್ಕೆ. ಯಾರಿಗೂ ತಪ್ಪು ಕಾಣಲಿಲ್ಲ. ಮುಂದಿನ ಅಮಾವಾಸ್ಯೆಗೆ ದೀಪ ಬಂತು, ಅದರ ಮುಂದಿನದಕ್ಕೆ ಕಾಯಿ ಬಂತು, ಯಾರೋ ಬಾಗಿಲಿಗೆ ಗಂಟೆ ಕಟ್ಟಿದರು. ಹರಕೆ ಹೊರುವವರೂ ಬಂದರು. ಚಪ್ಪಲಿ ಹೊರಗೆ ಬಿಡಿ ಅನ್ನುವುದು ಶುರುವಾಯಿತು. ಮಕ್ಕಳು ಕಲ್ಲು ಮುಟ್ಟಿದರೆ ಗದರುವುದು ಶುರುವಾಯಿತು. ಹುಡುಗರು ಆಕೆಯ ಹೆಸರು ಬರೆದು ಬೋರ್ಡು ಹಾಕುತ್ತೇವೆ ಅಂದಾಗ ದುರುಗವ್ವ ಒಬ್ಬಳೇ ಅಡ್ಡ ಬಂದಳು.

"ಹೆಸರು ಬರದ್ರ ಫೋಟೋ ಬರತೈತಿ. ಫೋಟೋ ಬಂದ್ರ ಹಾರ ಬರತೈತಿ. ಆಮ್ಯಾಲ ನಮ್ಮತ್ತಿ ನನ್ನ ಕೈಗೆ ಸಿಗಂಗಿಲ್ಲ."

ಅದಕ್ಕೇ ನಾನೂ ಹೆಸರು ಬರೆದಿಲ್ಲ.

ಹೋದ ವರ್ಷ ಒಂದು ಅಮಾವಾಸ್ಯೆಯ ದಿನ ರೇಣುಕಾ ತನ್ನ ಜೊತೆ ಓದುವ ಗೆಳತಿಯನ್ನು ಕರೆತಂದಳು. ಊರೊಳಗಿನ ದೊಡ್ಡ ಮನೆಯ ಹುಡುಗಿ ಅದು, ನಮ್ಮ ಕೇರಿಗೆ ಬಂದದ್ದು ಅದೇ ಮೊದಲು. ದೊಡ್ಡವ್ವನ ಮನೆ ತೋರಿಸು ಅಂತ ತಾನೇ ಕೇಳಿತ್ತಂತೆ. ನಾನೂ ಜೊತೆಗೆ ಹೋದೆ. ಈರವ್ವ ಕಲ್ಲಿನ ಮುಂದೆ ದೀಪ ಹಚ್ಚಿ ಕೂತಿದ್ದಳು. ಗೆಳತಿ ಚಪ್ಪಲಿ ಬಿಟ್ಟು ಒಳಗೆ ಹೋಯಿತು. ರೇಣುಕಾ ಹೊಸ್ತಿಲಿಗೆ ಕಾಲು ಇಡುವಾಗ ಈರವ್ವ ಎದ್ದು ಬಂದು ಕಿವಿಯಲ್ಲಿ ಮೆಲ್ಲಗೆ ಏನೋ ಕೇಳಿದಳು. ತಿಂಗಳ ಮುಟ್ಟಿನ ವಿಷಯ. ನನ್ನ ಮೊಮ್ಮಗಳಿಗೆ ಸುಳ್ಳು ಹೇಳಿ ಗೊತ್ತಿಲ್ಲ.

"ಹೌದು ಆಯಿ" ಅಂದಳು.

"ಹಂಗಾರ ಇಲ್ಲೇ ನಿಂತು ನೋಡವ್ವ. ಬ್ಯಾಸರ ಮಾಡ್ಕೋಬ್ಯಾಡ."

ಬೈದು ಹೇಳಲಿಲ್ಲ, ತಲೆ ಸವರಿ ಹೇಳಿದಳು. ರೇಣುಕಾ ಅಲ್ಲೇ ನಿಂತಳು. ಒಳಗಿನಿಂದ ಗೆಳತಿ "ಯಾಕ ನಿಂತಿ, ಬಾರಲೇ" ಅಂದಿತು. ಊರೊಳಗಿನ ಹುಡುಗಿ ಒಳಗೆ, ಕೇರಿಯ ಹುಡುಗಿ ಹೊರಗೆ.

"ಈರವ್ವ, ದೊಡ್ಡವ್ವನ ಬಾಗಲಾಗ ಮಂದೀನ ನಿಂದ್ರಸ್ತಿಯೇನ?" ಅಂದೆ.

"ಆಗ ಇದು ಮನಿ ಇತ್ತು. ಈಗ ಗುಡಿ ಆಗೈತಿ."

"ಯಾರು ಮಾಡ್ಯಾರ?"

"ನಾವ ಮಾಡೀವಿ" ಅಂದಳು. ಆ ಮಾತಿನಲ್ಲಿ ಆಕೆಗೆ ಹೆಮ್ಮೆ ಇತ್ತು. ಹೆಮ್ಮೆಪಡುವಂಥದ್ದೇ ಅಂತ ಆಕೆಗೆ ಅನಿಸಿತ್ತು. ನಮ್ಮನ್ನು ಯಾವ ಗುಡಿಯೊಳಗೂ ಬಿಡದೆ ಇದ್ದ ಊರಿನಲ್ಲಿ ನಮ್ಮದೇ ಒಂದು ಗುಡಿ.

"ಆ ಮಳಿಗಾಲದಾಗ ನೀನೂ ನಾನೂ ದಿನಾ ಬೀಸಿದ್ವಲ್ಲ, ಆಗ ಯಾರ ಕೇಳಿದ್ರು ನಮ್ಮನ್ನ?"

ಈರವ್ವ ಉತ್ತರ ಕೊಡುವ ಮೊದಲು ಹಿತ್ತಲ ಬಾಗಿಲಿನಿಂದ ದುರುಗವ್ವ ಬಂದಳು. ಮೊರದಲ್ಲಿ ಹಸನು ಮಾಡಿದ ಜೋಳ ಇತ್ತು. ಎಲ್ಲ ಕೇಳಿಸಿಕೊಂಡೇ ಬಂದಿದ್ದಳು ಅಂತ ಕಾಣುತ್ತದೆ. ಜಗಳ ತೆಗೆಯಲಿಲ್ಲ. ದೀಪ ಎತ್ತಿ ಗೂಡಿನಲ್ಲಿ ಇಟ್ಟಳು. ಕಾಯಿ ಎತ್ತಿ, "ಹಿಡಕೋ ಚಿಗವ್ವ" ಅಂತ ಈರವ್ವನ ಕೈಗೆ ಕೊಟ್ಟಳು. ಒಲೆಯ ಹತ್ತಿರದ ಸೌದೆಯಲ್ಲಿ ಒಂದು ಗಟ್ಟಿ ತುಂಡು ಆರಿಸಿ ಕಲ್ಲಿನ ತೂತಿಗೆ ಬಡಿದು ಗೂಟ ಮಾಡಿದಳು. ಕಾಲು ಚಾಚಿ ಕೂತಳು.

"ರೇಣುಕಾ, ಬಾ ಇಲ್ಲಿ. ಎದುರಿಗೆ ಕೂಡು. ಒಬ್ಬಾಕಿಗೆ ತಿರುಗಂಗಿಲ್ಲ ಇದು."

ರೇಣುಕಾ ನನ್ನನ್ನು ನೋಡಿದಳು. ನಾನು ಈರವ್ವನನ್ನು ನೋಡಿದೆ. ಈರವ್ವ ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದಳು, ಬಾ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ರೇಣುಕಾ ಒಳಗೆ ಬಂದು ಕೂತಳು.

ಎಷ್ಟೋ ಕಾಲ ಗೀರು ಹಾಕುವ ಉಳಿಯ ಏಟು ಬೀಳದೆ ಕಲ್ಲು ನುಣುಪಾಗಿತ್ತು. ಜೋಳ ಹಿಟ್ಟಾಗಲಿಲ್ಲ, ನುಚ್ಚಾಗಿ ಬಿತ್ತು. ಕುಂಕುಮ ಬೆರೆತು ಕೆಂಪು ನುಚ್ಚು. ನನ್ನ ಮೊಮ್ಮಗಳಿಗೆ ಬೀಸುವುದು ಎಲ್ಲಿಂದ ಬರಬೇಕು, ಗೂಟವನ್ನು ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿದಿದ್ದಳು. ದುರುಗವ್ವ ಗಿರಣಿ ಕಾಲದವಳು, ಅವಳಿಗೂ ಅಷ್ಟಕ್ಕಷ್ಟೇ. ಒಬ್ಬಳು ಎಳೆದರೆ ಇನ್ನೊಬ್ಬಳೂ ಎಳೆಯುತ್ತಿದ್ದಳು. ಕಲ್ಲು ತಿರುಗುವ ಬದಲು ಕುಂಟುತ್ತಿತ್ತು. ಗೆಳತಿ ಬಾಯಿ ಮುಚ್ಚಿಕೊಂಡು ನಗುತ್ತಿತ್ತು.

"ಹಂಗಲ್ಲ" ಅಂದಳು ಈರವ್ವ.

ಅವರು ಮತ್ತೆ ಹಾಗೇ ಮಾಡಿದರು.

"ಹಂಗಲ್ಲಲೇ ಹುಡುಗಿ, ಅಕಿ ಎಳದಾಗ ನೀ ಬಿಡು. ರಟ್ಟಿ ಅಲ್ಲ, ನಡ ಬಗ್ಗಿಸು. ಅಯ್ಯ, ಕಲ್ಲು ಒಡಿತೀರಿ ನೀವು."

ಕಾಯಿ ನನ್ನ ಕೈಗೆ ಕೊಟ್ಟಳು. ದುರುಗವ್ವನನ್ನು "ಏಳು ಅತ್ತಾಗ" ಅಂತ ಎಬ್ಬಿಸಿ ತಾನು ಕೂತಳು. ಗೂಟದ ಮೇಲಿದ್ದ ರೇಣುಕಾಳ ಕೈಯ ಮೇಲೆ ತನ್ನ ಕೈ ಇಟ್ಟಳು. ಮುಟ್ಟಾದ ಹುಡುಗಿಯನ್ನು ಮುಟ್ಟಿದೆ ಅಂತ ಆಗ ತಿಳಿಯಿತೋ ಏನೋ, ತನ್ನ ಕೈಯನ್ನೇ ನೋಡಿದಳು. ಕೈ ತೆಗೆಯಲಿಲ್ಲ. ಕಲ್ಲು ತಿರುಗಿತು. ಆಕೆಯ ನಡ ಬಗ್ಗಿ ಏಳುವುದು ನೋಡಿ ನನಗೆ ಆ ಮಳೆಗಾಲದ ಈರವ್ವನೇ ಕಂಡಳು. ಸ್ವಲ್ಪ ಹೊತ್ತಿಗೆ ಇಬ್ಬರ ಕೈಯೂ ಮೊಣಕೈ ತನಕ ಕೆಂಪು.

ದುರುಗವ್ವ ಆ ಮನೆಯ ಒಲೆಯನ್ನೇ ಹೊತ್ತಿಸಿ ನುಚ್ಚು ಕುದಿಸಿದಳು, ಕಾಯಿ ಒಡೆದು ಚಟ್ನಿ ಅರೆದಳು. ತಟ್ಟೆ ಹಾಕಿಕೊಂಡು ಕಲ್ಲಿನ ಸುತ್ತ ಕೂತೆವು. ಎಲ್ಲರಿಗೂ ಒಂದೇ ಅಂಜಿಕೆ, ಈರವ್ವ ಏಳುತ್ತಾಳೋ ಕೂಡುತ್ತಾಳೋ ಅಂತ. ಆಕೆ ಎದ್ದು ಹೋದರೆ ಕೇರಿಯ ಮುದುಕಿಯರೆಲ್ಲ ಆಕೆಯ ಕಡೆ, ಆ ಬಾಗಿಲು ಮತ್ತೆ ಗುಡಿಯ ಬಾಗಿಲೇ. ಆಕೆ ಕೂತಿದ್ದಳು, ತಟ್ಟೆ ಮುಂದೆ ಇತ್ತು, ಕಣ್ಣು ತಟ್ಟೆಯಲ್ಲಿತ್ತು. ದುರುಗವ್ವ ಪಾತ್ರೆ ತಂದು ಬಡಿಸಲು ಬಗ್ಗಿದಾಗ ಈರವ್ವ ತಟ್ಟೆ ಹಿಂದಕ್ಕೆ ಎಳೆದುಕೊಂಡಳು.

"ನೀ ಬ್ಯಾಡ" ಅಂದಳು.

ಈರವ್ವ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ರೇಣುಕಾಳ ಕಡೆಗೆ ಚಾಚಿದಳು.

"ಈ ಹುಡುಗಿ ಕೈಲೆ ಹಾಕ್ಸು."

ರೇಣುಕಾ ಪಾತ್ರೆ ಈಸಿಕೊಂಡು ಹಾಕಿದಳು. ಈರವ್ವ ತುತ್ತು ಮಾಡಿ ಬಾಯಿಗಿಟ್ಟಳು, ಅಗಿದಳು, ಇನ್ನಷ್ಟು ಹಾಕು ಅಂತ ಕೈಸನ್ನೆ ಮಾಡಿದಳು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ತಟ್ಟೆಯನ್ನೂ ಮೊಮ್ಮಗಳ ಮುಂದೆ ಹಿಡಿದೆ.